ಒಸಡು ಇಲಿ ಕಡಿದಂಗಾದಾಗ

ಪುಣೆಯ ವಾಕಡ್‌ನಲ್ಲಿರೋ ನಮ್ಮ ಹಲ್ಲಿನ ಕ್ಲಿನಿಕ್‌ಗೆ ವಿಜಯಪುರ ಕಡೆ ಹುಡುಗ ಒಬ್ಬ ಬಂದಿದ್ದ, ಪಕ್ಕದ ಹಿಂಜವಡಿಯ ಐಟಿ ಕಂಪನಿಯಲ್ಲಿ ನೈಟ್ ಶಿಫ್ಟು, ಪಿಜಿಯಲ್ಲಿ ವಾಸ, ನಾಲ್ಕು ದಿನದಿಂದ ಬರೀ ಹಾಲು ಬಾಳೆಹಣ್ಣು. "ಮೇಡಂ, ಬ್ರಶ್ ಮುಟ್ಟಿಸಾಕ ಆಗವಲ್ದುರಿ, ಮುಂಜಾನೆ ಎದ್ರ ತಲೆದಿಂಬಿನ ಮ್ಯಾಲೆ ರಕ್ತ" ಅಂದ. ಬಾಯಿ ಪೂರ್ತಿ ತೆಗೆಯೋಕೆ ಮುಂಚೆನೇ ನಂಗೆ ಅಂದಾಜಾಯ್ತು, ಆ ಕೊಳೆತ ವಾಸನೆ ಒಂದ್ಸಲ ಮೂಗಿಗೆ ಬಡಿದ್ರೆ ಮರೆಯೋದಿಲ್ಲ. ಹಲ್ಲು ಹಲ್ಲಿನ ಮಧ್ಯ ಚೂಪಾಗಿ ಇರಬೇಕಾದ ಒಸಡಿನ ತುದಿ ಇಲಿ ಕಡಿದಂಗೆ ಹೋಗಿತ್ತು, ಅದರ ಮೇಲೆ ಬೂದು ಬಣ್ಣದ ಪೊರೆ, ದವಡೆ ಕೆಳಗೆ ಗಂಟು.

ಇದಕ್ಕೆ ನೆಕ್ರೋಟೈಸಿಂಗ್ ಜಿಂಜಿವೈಟಿಸ್ ಅಂತಾರೆ, ಅಂದ್ರೆ ಒಸಡು ಕೊಳೆಯೋ ರೋಗ. ಹಳೇ ಹೆಸರು ಟ್ರೆಂಚ್ ಮೌತ್, 1914-18ರ ಯುದ್ಧದಲ್ಲಿ ಕಂದಕದೊಳಗಿದ್ದ ಸೈನಿಕರಿಗೆ ಸಾಲು ಸಾಲಾಗಿ ಬಂತಲ್ಲ, ಅದಕ್ಕೆ. ಆವಾಗ ಒಬ್ಬರಿಂದ ಒಬ್ಬರಿಗೆ ಅಂಟುತ್ತೆ ಅಂದ್ಕೊಂಡಿದ್ರು, ಆದ್ರೆ ಅಂಟು ರೋಗ ಅಲ್ಲ ಇದು, ಎಲ್ಲರಿಗೂ ಒಂದೇ ಥರದ ನಿದ್ದೆಗೇಡು, ಭಯ, ಸಿಗರೇಟು, ಹೊಲಸು ಬಾಯಿ ಇತ್ತು ಅಷ್ಟೇ. ಫ್ಯೂಸೋಬ್ಯಾಕ್ಟೀರಿಯಂ, ಸ್ಪೈರೋಕೀಟ್ ಅನ್ನೋ ಬ್ಯಾಕ್ಟೀರಿಯಾ ನಮ್ಮ ಬಾಯಲ್ಲೂ ಇರ್ತಾವೆ, ಮೈ ಸೋತಾಗ ಮೇಲೇಳ್ತಾವೆ. ಈ ಹುಡುಗನ್ನ ಕೇಳಿದ್ರೆ ಕಂದಕದ ಲೆಕ್ಕನೇ ಸಿಕ್ತು: ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಅಂತ ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಊಟದ ಬದಲು ಚಹಾ ವಡಾಪಾವ್, ದಿನಕ್ಕೆ ಒಂದು ಪ್ಯಾಕೆಟ್ ಸಿಗರೇಟು.

ಸಿಗರೇಟಿನ ವಿಷಯದಲ್ಲಿ ಒಂದು ಮೋಸ ಇದೆ. ಸೇದೋರ ಒಸಡು ಸಾಮಾನ್ಯವಾಗಿ ರಕ್ತ ಕಡಿಮೆ ಸುರಿಸುತ್ತೆ, ಹಂಗಾಗಿ ಮಾಮೂಲಿ ಒಸಡಿನ ರೋಗ ಒಳಗೊಳಗೇ ಬೆಳೀತಿದ್ರೂ ನಾನು ಚೆನ್ನಾಗಿದೀನಿ ಅಂತ ಅವರು ತಿಳ್ಕೊಂಡಿರ್ತಾರೆ. ಇಲ್ಲಿ ಮಿಶ್ರಿ ಹಾವಳಿ ಬೇರೆ, ಹುರಿದ ತಂಬಾಕಿನ ಪುಡಿ ಬೆರಳಲ್ಲಿ ಉಜ್ಜಿ "ಹಲ್ಲು ಗಟ್ಟಿ ಆಗ್ತದರಿ" ಅನ್ನೋ ನಮ್ಮ ಕಡೆ ಹೆಣ್ಮಕ್ಕಳೂ ಬರ್ತಾರೆ. ಅದು ಬರೀ ತಂಬಾಕು, ಗಟ್ಟಿ ಆಗೋದು ಚಟ ಮಾತ್ರ.

ಮಾಮೂಲಿ ಒಸಡಿನ ರೋಗ ನೋಯಲ್ಲ, ಇದು ಎರಡು ಮೂರು ದಿನದಲ್ಲೇ ಬಂದು ಜೋರಾಗಿ ನೋಯುತ್ತೆ. ನೋವಿಗೆ ಹೆದರಿ ಬ್ರಶ್ ಬಿಡ್ತಾರೆ, ಬಿಟ್ರೆ ಕೊಳೆ ಜಾಸ್ತಿ, ನೋವೂ ಜಾಸ್ತಿ. ಕೆಲವರು ಆಸ್ಪಿರಿನ್ ಮಾತ್ರೆ ಒಸಡಿಗೇ ಒತ್ತಿಟ್ಕೊಂಡು ಸುಟ್ಕೊಂಡು ಬರ್ತಾರೆ, ದಯವಿಟ್ಟು ಬೇಡ.

ಮೊದಲ ದಿನ ನಾನು ಜೋರಾಗಿ ಕೆರೆಯಲ್ಲ, ಮರಗಟ್ಟಿಸೋ ಜೆಲ್ ಹಚ್ಚಿ ಅವನು ತಡ್ಕೊಳ್ಳೋವಷ್ಟೇ ಅಲ್ಟ್ರಾಸೋನಿಕ್ ಕ್ಲೀನಿಂಗ್ ಮಷಿನ್‌ನಿಂದ ನೀರು ಬಿಡ್ತಾ ಪೊರೆ, ಗಾರೆ (ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕೊಳೆ) ತೆಗೆದೆ. ಮನೆಗೆ ಬಾಯಿ ಮುಕ್ಕಳಿಸೋ 0.2% ಕ್ಲೋರ್‌ಹೆಕ್ಸಿಡಿನ್ ದಿನಕ್ಕೆ ಎರಡು ಸಲ, ಪೇಸ್ಟಿಂದ ಹಲ್ಲುಜ್ಜಿ ಅರ್ಧ ಗಂಟೆ ಆದ್ಮೇಲೆ, ಜೊತೆಗೆ ಮೆತ್ತನೆ ಬ್ರಶ್ಶು. ಅವನಿಗೆ ಜ್ವರ, ಗಂಟು ಇದ್ದಿದ್ದಕ್ಕೆ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯೋಟಿಕ್ ಗುಳಿಗಿ ಬರೆದೆ, ಎಲ್ಲರಿಗೂ ಬರೆಯೋದಿಲ್ಲ. ಅದರ ಜೊತೆ ಬಿಯರ್ ಮುಟ್ಟಬಾರದು, ಬಸುರಿ ಆಗಿದ್ರೆ ಅಥವಾ ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರೆ ಮೊದಲೇ ಹೇಳಬೇಕು, ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಗೊಳ್ಳೋದು ಅದಕ್ಕೇ ಬೇಡ ಅನ್ನೋದು. ಶುಗರ್, ಸಿಬಿಸಿ (ರಕ್ತದ ಕಣಗಳ ಎಣಿಕೆ), ಎಚ್‌ಐವಿ ಟೆಸ್ಟೂ ಬರೆದೆ, ಹುಡುಗ ಮುಖ ಸಣ್ಣ ಮಾಡ್ಕೊಂಡ. "ತಮ್ಮಾ, ನಿನ್ನ ಮ್ಯಾಲೆ ಅನುಮಾನ ಅಲ್ಲೋ, ಮೈಯೊಳಗ ಶಕ್ತಿ ಯಾಕ ಕಮ್ಮಿ ಆಗೇತಿ ನೋಡಬೇಕಲ್ಲ" ಅಂದೆ. ಎಲ್ಲಾ ನಾರ್ಮಲ್ ಬಂತು.

ಬಾವು ದವಡೆ ಕೆಳಗೆ ಹಬ್ಬಿ ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಕ್ಲಿನಿಕ್ ಹುಡುಕ್ತಾ ಕೂರಬೇಡಿ, ಸೀದಾ ದೊಡ್ಡಾಸ್ಪತ್ರೆಗೆ.

ಮೂರನೇ ದಿನ ನಗ್ತಾ ಬಂದ, ಹಿಂದಿನ ರಾತ್ರಿ ರೊಟ್ಟಿ ತಿಂದಿದ್ನಂತೆ. "ಆರಾಮ್ ಆಗೇತ್ರಿ, ಇನ್ನ ಕ್ಲೀನಿಂಗ್ ಯಾಕ್ರಿ?" ನಾನು ಬಹಳ ಜನರನ್ನ ಕಳ್ಕೊಳ್ಳೋದೇ ಈ ದಿನ. ಗುಳಿಗಿ ನೋವು ಇಳಿಸುತ್ತೆ, ಹಲ್ಲಿನ ಬುಡದ ಗಾರೆ ಹಂಗೇ ಕೂತಿರುತ್ತೆ, ಮತ್ತೊಂದು ರಿಲೀಸ್ ಬಂದ್ರೆ ಇದೇ ಕಥೆ, ಆವಾಗ ಒಸಡಿನ ಕೆಳಗಿನ ಎಲುಬೂ ಕರಗಬಹುದು. ಕೈಗೆ ಕನ್ನಡಿ ಕೊಟ್ಟು ಒಸಡಿನ ತುದಿ ಹೋದ ಕಡೆ ಆಗಿದ್ದ ಕುಳಿಗಳನ್ನ ತೋರಿಸಿದೆ, ಅದರೊಳಗೆ ಅನ್ನ ಸಿಕ್ಕೊಳ್ಳುತ್ತೆ, ಸಣ್ಣ ಬ್ರಶ್ ಹಾಕಿ ತೆಗೀಬೇಕು ಅಂತ. ಸ್ವಲ್ಪ ಹೊತ್ತು ಸುಮ್ನೆ ನೋಡ್ಕೊಂಡು ಕೂತ, ಆಮೇಲೆ ಫೋನ್ ತೆಗೆದು ಮುಂದಿನ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಹಾಕ್ಕೊಂಡ.