ಪೆಟ್ಟಿನ ಮಾತೇ ಇಲ್ಲದ ಚಾರ್ಟ್‌ನಲ್ಲಿ ಕೈಯ ಸ್ನಾಯು ಹರಿದಿದ್ದರೆ ಯಾವ ಕೋಡ್?

ಪ್ರಶ್ನೆ: ಮೆಡಿಕಲ್ ಕೋಡಿಂಗ್ (ರೋಗಿಯ ದಾಖಲೆ, ಅಂದರೆ ಚಾರ್ಟ್ ಓದಿ ರೋಗಕ್ಕೆ ಕೋಡ್ ಕೊಡುವ ಕೆಲಸ) ಕಲಿಯುತ್ತಿದ್ದೇನೆ. ನಮಗೆ ಬರುವುದೆಲ್ಲ ಅಮೆರಿಕದ ಚಾರ್ಟ್‌ಗಳು. ಒಂದರಲ್ಲಿ ಡಾಕ್ಟರ್ 'ಬಲಗೈಯ ಸ್ನಾಯು ಹರಿದಿದೆ' ಎಂದಷ್ಟೇ ಬರೆದಿದ್ದರು. ಬಿದ್ದದ್ದು, ಏಟು ಬಿದ್ದದ್ದು ಏನೂ ಇರಲಿಲ್ಲ. ಏಟಿಲ್ಲದೆ ಬಲಗೈ ಸ್ನಾಯು ಹರಿದದ್ದಕ್ಕಿರುವ ಎಂ62.141 ಹಾಕಿದೆ. ಆಡಿಟ್‌ನಲ್ಲಿ ತಪ್ಪು ಅಂದರು. ಯಾಕೆ?

ಉತ್ತರ: ಆಡಿಟ್‌ನವರು ಹೇಳಿದ್ದೇ ಸರಿ. ಏಟಿನ ಬಗ್ಗೆ ಚಾರ್ಟ್ ಸುಮ್ಮನಿರುವುದು ಬೇರೆ, ಏಟಿಲ್ಲದೆ ಹರಿಯಿತು ಎಂದು ಡಾಕ್ಟರ್ ಬರೆಯುವುದು ಬೇರೆ. ನೀವು ಮೊದಲನೆಯದನ್ನು ಎರಡನೆಯದು ಅಂದುಕೊಂಡಿದ್ದೀರಿ.

ಅಮೆರಿಕದ ರೋಗ ಕೋಡ್‌ಗಳ ಪುಸ್ತಕವಾದ ಐಸಿಡಿ-10-ಸಿಎಂನ ಇಂಡೆಕ್ಸ್ ತೆರೆದು ಸ್ನಾಯು ಹರಿಯುವ ನಮೂದನ್ನು ನೋಡಿ. ಪಕ್ಕದಲ್ಲೇ ಕಂಸದೊಳಗೆ 'ಟ್ರಾಮಾಟಿಕ್', ಅಂದರೆ ಏಟಿನಿಂದಾದದ್ದು, ಎಂದಿದೆ. ಕಂಸದಲ್ಲಿರುವ ಪದ ಚಾರ್ಟ್‌ನಲ್ಲಿ ಇರಲೇಬೇಕೆಂದಿಲ್ಲ. ಅಂದರೆ, ಬೇರೇನೂ ಹೇಳದಿದ್ದರೆ ಅದು ಏಟಿನಿಂದ ಆದದ್ದೇ ಎಂದು ಪುಸ್ತಕ ಹಿಡಿಯುತ್ತದೆ, ನಿಮ್ಮನ್ನು 'ಸ್ಟ್ರೇನ್' (ಸ್ನಾಯು ಎಳೆತದ ಗಾಯ) ಎಂಬ ನಮೂದಿನ ಕಡೆಗೆ ಕಳಿಸುತ್ತದೆ. ಅಲ್ಲಿಂದ ಎಸ್66ಕ್ಕೆ, ಮಣಿಕಟ್ಟು ಮತ್ತು ಕೈಯ (ಇಲ್ಲಿ ಕೈ ಅಂದರೆ ಹಸ್ತ) ಸ್ನಾಯು, ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ಗಾಯಗಳ ಗುಂಪಿಗೆ. 'ನಾನ್‌ಟ್ರಾಮಾಟಿಕ್' (ಏಟಿಲ್ಲದೆ ಆದದ್ದು) ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಎಂ62.14ರ ಬಾಗಿಲು ತೆರೆಯುತ್ತದೆ. ಬಲಗೈಗೆ 141, ಎಡಗೈಗೆ 142.

ಹಾಗಾದರೆ ಏಟು ಅಂದರೇನು? ಅಪಘಾತವೇ ಆಗಬೇಕಾ? ತಾನಾಗಿ ಹರಿದ ಟೆಂಡನ್‌ಗಳ ಗುಂಪಾದ ಎಂ66ರ ಕೆಳಗೆ ಇದಕ್ಕೊಂದು ಒಳ್ಳೆಯ ಟಿಪ್ಪಣಿ ಇದೆ. ದುರ್ಬಲವಾದ ಅಂಗಾಂಶ ಮಾಮೂಲಿ ಬಲಕ್ಕೇ ಹರಿದರೆ ಅದು ತಾನಾಗಿ ಹರಿದದ್ದು. ಗಟ್ಟಿಯಾದ ಅಂಗಾಂಶ ಅತಿಯಾದ ಬಲಕ್ಕೆ ಹರಿದರೆ ಅದು ಗಾಯ. ಭಾರದ ಗೋಣಿಚೀಲ ಎತ್ತುವಾಗ ಕೈಯಲ್ಲಿ ಚಟ್ಟೆಂದಿತು ಎಂದು ಬರೆದಿದ್ದರೆ, ಬೀಳದಿದ್ದರೂ ಅದನ್ನು ಗಾಯವೆಂದೇ ಓದಬೇಕು. ವರ್ಷಗಟ್ಟಲೆ ರುಮಟಾಯ್ಡ್ ಸಂಧಿವಾತವಿದ್ದು, ಲೋಟ ಎತ್ತುವಾಗ ಬೆರಳು ಮೇಲೇಳದೆ ಹೋಯಿತು ಎಂದಿದ್ದರೆ ಕಥೆ ಬೇರೆ. ಈ ಟಿಪ್ಪಣಿ ಇರುವುದು ಟೆಂಡನ್‌ಗಳ ಗುಂಪಿನಲ್ಲಿ, ಆದರೆ ಸ್ನಾಯುವಿನ ಚಾರ್ಟ್ ಓದುವಾಗಲೂ ಏನು ಹುಡುಕಬೇಕೆಂದು ಇದರಿಂದ ಗೊತ್ತಾಗುತ್ತದೆ. ಹುಡುಕುವುದಷ್ಟೇ ನಮ್ಮ ಕೆಲಸ. ತೀರ್ಮಾನ ಡಾಕ್ಟರದ್ದು.

ಇನ್ನೊಂದು ಅನುಮಾನ ನನಗೆ ಯಾವಾಗಲೂ ಬರುತ್ತದೆ: ಹರಿದದ್ದು ನಿಜವಾಗಿಯೂ ಸ್ನಾಯುವಾ? ಬೆರಳು ಮಡಚುವ, ಚಾಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಬೆರಳಿಗೆ ಬರುವುದು ಅವುಗಳ ಟೆಂಡನ್. ಹಸ್ತದಲ್ಲೇ ಇರುವ ಸ್ನಾಯುಗಳು ಹೆಬ್ಬೆರಳ ಬುಡದ, ಕಿರುಬೆರಳ ಬುಡದ, ಮೂಳೆಗಳ ನಡುವಿನ ಚಿಕ್ಕ ಚಿಕ್ಕವು. ಏಟಿಲ್ಲದೆ ಕೈಯಲ್ಲಿ ಏನೋ ಹರಿಯಿತು ಅಂದಾಗ ಅದು ಟೆಂಡನ್ ಆಗಿರುವುದೇ ಜಾಸ್ತಿ. ಆಗ ಎಂ62 ಅಲ್ಲ, ಎಂ66. ಚಾಚುವ ಟೆಂಡನ್ ಬಲಗೈಯಲ್ಲಿ ಹರಿದರೆ ಎಂ66.241, ಮಡಚುವ ಟೆಂಡನ್ ಆದರೆ ಎಂ66.341. ಸ್ಕ್ಯಾನ್ ರಿಪೋರ್ಟ್ ಒಂದು ಹೇಳಿ ಡಾಕ್ಟರ ನೋಟ್ ಇನ್ನೊಂದು ಹೇಳಿದರೆ ನೀವೇ ಪಂಚಾಯ್ತಿ ಮಾಡಬೇಡಿ, ಡಾಕ್ಟರಿಗೆ ಕ್ವೈರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ.

ಹಳೆಯ ಗಾಯಗಳದ್ದು ಇನ್ನೊಂದು ಗೊಂದಲ. ಕೋಡಿಂಗ್‌ನ ಅಧಿಕೃತ ಮಾರ್ಗಸೂಚಿಯ ಪ್ರಕಾರ ಈಗ ಆಗಿರುವ ಗಾಯ 19ನೇ ಅಧ್ಯಾಯಕ್ಕೆ, ಅಂದರೆ ಎಸ್ ಕೋಡಿಗೆ. ಮಾಗಿದ ಗಾಯದಿಂದ ಉಳಿದ ತೊಂದರೆ, ಮತ್ತೆ ಮತ್ತೆ ಕಾಡುವ ತೊಂದರೆ ಸಾಮಾನ್ಯವಾಗಿ 13ನೇ ಅಧ್ಯಾಯಕ್ಕೆ, ಅಂದರೆ ಎಂ ಕೋಡಿಗೆ. ಎರಡು ವರ್ಷದ ಹಿಂದೆ ಗಾಜು ಕುಯ್ದ ಎಡಗೈಯಲ್ಲಿ ಈಗ ಸ್ನಾಯು ಬಿಗಿದು ಕುಗ್ಗಿದ್ದರೆ ಮೊದಲು ಎಂ62.442. ಅದರ ಹಿಂದೆ ಹಳೆಯ ಗಾಯದ ಕೋಡ್, ಅದರ ಏಳನೇ ಅಕ್ಷರ ಎಸ್, ಅಂದರೆ ಹಳೆಯ ಗಾಯ ಉಳಿಸಿಹೋದ ತೊಂದರೆ ಎಂಬ ಗುರುತು. ಏಟಿನಿಂದ ಶುರುವಾದದ್ದಾದರೂ ಮೊದಲ ಜಾಗ ಎಂ ಕೋಡಿಗೇ ಸಿಗುತ್ತದೆ ನೋಡಿ. ಏಳನೇ ಅಕ್ಷರದ ಮಾತು ಬಂತಲ್ಲ, ಎಸ್ ಕೋಡಿನ ಕೊನೆಗೆ ಬರುವ 'ಎ' ಅಂದರೆ ಮೊದಲ ಭೇಟಿ ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವವರೆಗೂ 'ಎ'ನೇ.

ಪಕ್ಕದ ಮನೆಗಳನ್ನೂ ಒಮ್ಮೆ ನೋಡಿಕೊಳ್ಳಿ. ಸ್ನಾಯು ಸವೆದಿದ್ದರೆ ಎಂ62.54ರ ಗುಂಪು. ಆದರೆ ಹೆಬ್ಬೆರಳ ಬುಡ ಸೊರಗಿದೆ ಎಂದರೆ ನರದ ಕಡೆ ಕಣ್ಣು ಹಾಯಿಸಿ, ಡಾಕ್ಟರ್ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ಎಂದು ಬರೆದಿರಬಹುದು. ಅದು ಜಿ56.0. ರಕ್ತ ಸಿಗದೆ ಸ್ನಾಯು ಸತ್ತಿದ್ದರೆ ಎಂ62.24. ಏಟಿಲ್ಲದೆ ಬಂದ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಸ್ನಾಯುವಿನ ಸುತ್ತ ಒತ್ತಡ ಏರಿ ರಕ್ತಸಂಚಾರ ಕುಗ್ಗುವುದು) ಆದರೆ ಅದರ ಜೊತೆ ಸೇರಿಸುವಂತಿಲ್ಲ, ಎಂ79.ಎ1ಕ್ಕೇ ಹೋಗಬೇಕು. ಎಂ62ರ ಈ ಗುಂಪುಗಳಲ್ಲಿ ಎರಡೂ ಕೈಗೆ ಒಂದೇ ಕೋಡ್ ಇಲ್ಲ. ಬಲಕ್ಕೊಂದು, ಎಡಕ್ಕೊಂದು ಹಾಕಬೇಕು. ಯಾವ ಕೈ ಎಂದು ಡಾಕ್ಟರ್ ಬರೆಯದಿದ್ದರೆ ತಕ್ಷಣ 'ಯಾವ ಕೈ ಎಂದು ಹೇಳಿಲ್ಲ' ಎನ್ನುವ, 9ರಲ್ಲಿ ಮುಗಿಯುವ ಕೋಡಿಗೆ ಓಡಬೇಡಿ. ನರ್ಸ್ ಅಥವಾ ಥೆರಪಿಸ್ಟ್ ನೋಟ್‌ನಲ್ಲಿ ಇದ್ದರೆ ಅದನ್ನು ತೆಗೆದುಕೊಳ್ಳಲು ಮಾರ್ಗಸೂಚಿ ಬಿಡುತ್ತದೆ.

ಈಗ ನಿಮ್ಮ ಚಾರ್ಟ್. ಕ್ವೈರಿ ಕಳಿಸಿ, ಆದರೆ 'ಇದು ನಾನ್‌ಟ್ರಾಮಾಟಿಕ್ ತಾನೇ?' ಎಂದು ಕೇಳಬೇಡಿ. ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ಹರಿಯಲು ಕಾರಣವೇನು, ಯಾವಾಗ ಶುರುವಾಯಿತು, ಹರಿದದ್ದು ಸ್ನಾಯುವೋ ಟೆಂಡನ್ನೋ ಎಂದು ಕೇಳಿ. 'ಬಹುಶಃ ಏಟಿಲ್ಲದೆ ಹರಿದಿರಬಹುದು' ಎಂದು ಉತ್ತರ ಬಂತು ಅನ್ನಿ. ರೋಗಿ ಹೊರರೋಗಿಯಾಗಿದ್ದರೆ ಅಂಥ ಅನುಮಾನಕ್ಕೆ ಕೋಡ್ ಕೊಡುವಂತಿಲ್ಲ. ನೋಟ್‌ನಲ್ಲಿ ನೋವು ಎಂದಿದ್ದರೆ ಸದ್ಯಕ್ಕೆ ಬಲಗೈ ನೋವಿನ ಎಂ79.641 ಸಾಕು.