ಒಬ್ಬ ನರ್ಸ್ ಸಾಕು ಅನ್ನುವವರಿಗೆ ಒಂದು ಲೆಕ್ಕ

ಆಸ್ಪತ್ರೆ ದೂರ, ದಾರಿಯೂ ಸರಿಯಿಲ್ಲ, ಅಂಥ ಕಡೆಯ ಹೆರಿಗೆ ವಾರ್ಡಿನ ಮಾತು ಬಂದಾಗಲೆಲ್ಲ "ಅಲ್ಲಿಗೆ ಒಬ್ಬ ನರ್ಸ್ ಕೊಟ್ಟಿದ್ದೀವಲ್ಲ" ಅನ್ನುವ ಉತ್ತರ ಬರುತ್ತದೆ. ಕೊಟ್ಟಿದ್ದೀರಿ, ಸರಿ. ಆದರೆ ವಾರಕ್ಕೆ 168 ಗಂಟೆ. ಒಬ್ಬರು 40 ಗಂಟೆ ದುಡಿದರೆ, ಹಗಲೂ ರಾತ್ರಿ ವಾರ್ಡಿನಲ್ಲಿ ಒಬ್ಬರಾದರೂ ಇರಲು ನಾಲ್ಕು ಜನಕ್ಕಿಂತ ಜಾಸ್ತಿ ಬೇಕು. ರಜೆ, ಜ್ವರ, ತರಬೇತಿ ಸೇರಿದರೆ ಐದು. ಅದೂ ಒಂದು ಜೊತೆ ಕೈಗೆ.

ಹೆರಿಗೆಗೆ ಎರಡು ಜೊತೆ ಬೇಕು. ಮಗು ಹುಟ್ಟಿತು, ಅಳಲಿಲ್ಲ ಅಂದುಕೊಳ್ಳಿ. ಮೈ ಒರೆಸಿ, ಬೆನ್ನು ಉಜ್ಜಿದರೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಮಾಸ್ಕ್ ಇಟ್ಟು, ಬ್ಯಾಗ್ ಒತ್ತಿ ಗಾಳಿ ಕೊಡಬೇಕು. ಅದೇ ಹೊತ್ತಿಗೆ ತಾಯಿಗೆ ರಕ್ತ ನಿಲ್ಲದಿದ್ದರೆ? ನಾನು ಒಂದು ರಾತ್ರಿ ಹಾಗೆ ಒಬ್ಬಳೇ ನಿಂತಿದ್ದೆ. ಇಂಜೆಕ್ಷನ್ ಚುಚ್ಚಿ, ಬಾಣಂತಿಯ ಅಮ್ಮನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟು, "ಇಲ್ಲೇ ಗಟ್ಟಿಯಾಗಿ ಉಜ್ಜುತ್ತಾ ಇರಿ ಅಮ್ಮಾ, ಬಿಡಬೇಡಿ" ಅಂದು ಮಗುವಿನ ಕಡೆ ಓಡಿದೆ. ಇಬ್ಬರೂ ಉಳಿದರು. ಆದರೆ ಅದೃಷ್ಟ ನಂಬಿಕೊಂಡು ವಾರ್ಡ್ ನಡೆಸೋಕಾಗುತ್ತದಾ?

ಹೆರಿಗೆಯಾದ ಮೇಲಿನ ರಕ್ತಸ್ರಾವದ ಬಗ್ಗೆ 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದದ್ದು. ಅಳತೆ ಗೆರೆಯಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಅಳೆದು, ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜುವುದು, ಅದನ್ನು ಬಿಗಿಗೊಳಿಸುವ ಆಕ್ಸಿಟೋಸಿನ್‌ನಂಥ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೆ ಮಾಡಿದರು. ತೀವ್ರ ರಕ್ತಸ್ರಾವದಂಥ ಅನಾಹುತ ಶೇ 60ರಷ್ಟು ಇಳಿಯಿತು. ಒಟ್ಟಿಗೆ ಅಂದರೆ ಏನರ್ಥ? ಒಬ್ಬರಿಂದ ಆಗಲ್ಲ ಅಂತ.

ಎರಡನೆಯವರು ಪೂರ್ತಿ ಕಲಿತ ನರ್ಸೇ ಆಗಬೇಕೆಂದಿಲ್ಲ. ಬ್ಯಾಗ್ ಒತ್ತಲು, ಗರ್ಭಕೋಶ ಉಜ್ಜಲು ಕಲಿತ ಸಹಾಯಕಿ ಸಾಕು, ವಾರಕ್ಕೊಮ್ಮೆ ಬೊಂಬೆಯ ಮೇಲೆ ಹತ್ತು ನಿಮಿಷ ಅಭ್ಯಾಸ ಮಾಡಿಸಿದರೆ. ಔಷಧದ ಆಯ್ಕೆಯಲ್ಲೂ ಕೆಲಸ ಕಡಿಮೆಯಾಗುತ್ತದೆ: ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಕರೆಂಟ್ ಹೋದರೆ ಅದೊಂದು ತಲೆನೋವು. ಅದೇ ಬಗೆಯ, ಶಾಖ ತಡೆದುಕೊಳ್ಳುವ ಕಾರ್ಬೆಟೋಸಿನ್‌ಗೆ ಆ ಗೋಳಿಲ್ಲ, ಆದರೆ ಅದು ರಕ್ತಸ್ರಾವ ಬಾರದಂತೆ ಹೆರಿಗೆಯಾದ ಕೂಡಲೇ ಕೊಡುವುದು, ಶುರುವಾದ ಮೇಲೆ ಅಲ್ಲ. ತೊಂದರೆ ಇರುವ ಬಸುರಿಯರಿಗೆ ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ದಿನ ತುಂಬುವ ಮೊದಲೇ ಬಂದು ಉಳಿಯಲು ಮನೆ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಇಂಥ ಕಡೆ ಜನ ಕೆಲಸ ಬಿಡುವುದು ಬರೀ ಸಂಬಳಕ್ಕಲ್ಲ. ನಡುರಾತ್ರಿ ಫೋನ್ ಮಾಡಿದರೆ ಎತ್ತುವ ಹಿರಿಯ ಡಾಕ್ಟರ್ ಇಲ್ಲ, ಮಲಗಲು ಚಿಲಕವಿರುವ ಕೋಣೆ ಇಲ್ಲ, ರಜೆಗೆ ಹೋದರೆ ಬದಲಿ ಇಲ್ಲ. ಇವನ್ನು ಕೇಳಿದರೆ ಸುಮ್ನೆ ದೂರು ಅಂದುಕೊಳ್ಳುತ್ತಾರೆ.

ಇನ್ನೊಂದು. ಬಾಣಂತಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಆಂಬುಲೆನ್ಸಿನಲ್ಲಿ ಜೊತೆಗೆ ಯಾರು ಹೋಗುತ್ತಾರೆ? ಇದ್ದ ನರ್ಸೇ ಹತ್ತಿದರೆ ವಾರ್ಡ್ ಖಾಲಿ, ಹಾಸಿಗೆಯಲ್ಲಿ ಇನ್ನೊಬ್ಬಳಿಗೆ ನೋವು ಶುರುವಾಗಿರುತ್ತದೆ. ಹಾಗಾಗಿ ಡ್ಯೂಟಿ ಪಟ್ಟಿಯಲ್ಲಿ ಮೂರನೇ ಹೆಸರೊಂದು ಇರಲಿ, ಮನೆಯಲ್ಲಿ ಮಲಗಿದ್ದರೂ ಸರಿ, ಕರೆದರೆ ಎದ್ದು ಬರುವಂಥವರದು.