ಅಪ್‌ಡೇಟ್ ಬಂದಿದೆ, ಓಡುತ್ತಿರುವುದು ಮಾತ್ರ ಹಳೆಯ ಬ್ರೌಸರ್

ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ ಎಂಬುದು ಅರ್ಧ ನಿಜ. ಹೊಸ ಆವೃತ್ತಿ ಸದ್ದಿಲ್ಲದೆ ಡೌನ್‌ಲೋಡ್ ಆಗಿ ಡಿಸ್ಕಿನಲ್ಲಿ ಕೂತಿರುತ್ತದೆ, ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ಲ್ಯಾಪ್‌ಟಾಪ್ ಮಡಚಿ ತೆರೆದರೆ ಬ್ರೌಸರ್ ಮಲಗಿ ಏಳುತ್ತದೆ ಅಷ್ಟೆ, ಹೊಸದಾಗಿ ಶುರುವಾಗುವುದಿಲ್ಲ.

ಕ್ರೋಮ್‌ನಲ್ಲಿ ಬಲಮೇಲಿನ ಮೂರು ಚುಕ್ಕಿ ಒತ್ತಿ ಹೆಲ್ಪ್, ಅಲ್ಲಿಂದ ಅಬೌಟ್ ಗೂಗಲ್ ಕ್ರೋಮ್‌ಗೆ ಹೋಗಿ. ರೀಲಾಂಚ್ ಗುಂಡಿ ಕಂಡರೆ ಆಗಲೇ ಒತ್ತಿ. ಟ್ಯಾಬ್‌ಗಳು ಮರಳುತ್ತವೆ, ಇನ್‌ಕಾಗ್ನಿಟೊ ಕಿಟಕಿಗಳು ಮರಳುವುದಿಲ್ಲ. ಅರ್ಧ ತುಂಬಿದ ಫಾರ್ಮ್ ಇದ್ದರೆ ಮೊದಲು ಮುಗಿಸಿಕೊಳ್ಳಿ. ಫೈರ್‌ಫಾಕ್ಸ್‌ನಲ್ಲೂ ಹೆಲ್ಪ್ ಮೆನುವಿನ ಅಬೌಟ್‌ನಲ್ಲೇ ಇದು ಸಿಗುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗಕ್ಕೆ ಹೋಗಿ, ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಆ್ಯಪ್ ಓಡಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲವಾದರೆ ಕಿಟಕಿಯೆಲ್ಲ ಮುಚ್ಚಿದರೂ ಹಳೆಯ ಬ್ರೌಸರ್ ಜೀವ ಹಿಡಿದಿರಬಹುದು.

ಇಷ್ಟು ಅವಸರವೇಕೆ? ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ, ಫೈರ್‌ಫಾಕ್ಸ್ ಎರಡರ ಮೂಲ ಸಂಕೇತವೂ (ಸೋರ್ಸ್ ಕೋಡ್) ಬಹಿರಂಗ. ಅಪ್‌ಡೇಟ್‌ನಲ್ಲಿ ತೇಪೆ ಹಾಕಿದ ಜಾಗ ನೋಡಿದರೆ ಭದ್ರತೆಯ ತೂತು ಎಲ್ಲಿತ್ತೆಂದು ದಾಳಿಕೋರರಿಗೂ ತಿಳಿಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಮಾದರಿಯ ಚಿತ್ರಗಳನ್ನು ಓದಿ ತೋರಿಸುವ ಲೈಬ್ರರಿಯಲ್ಲಿ, ಅಂದರೆ ಹಲವು ಆ್ಯಪ್‌ಗಳು ಬಳಸುವ ಸಿದ್ಧ ಸಂಕೇತದಲ್ಲಿ, ದೋಷ ಸಿಕ್ಕಿತು. ಚಿತ್ರ ಪರದೆಗೆ ಬಂದರೆ ಸಾಕಿತ್ತು, ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಅದೇ ಲೈಬ್ರರಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ಗಳಲ್ಲದೆ ಎಲೆಕ್ಟ್ರಾನ್ ಎಂಬ ಆ್ಯಪ್ ಕಟ್ಟುವ ಸಾಧನ ಬಳಸಿ ಕಟ್ಟಿದ ಚಾಟ್ ಆ್ಯಪ್‌ಗಳಲ್ಲೂ ಇತ್ತು. ಹೊರಗೆ ಆ್ಯಪ್, ಒಳಗೆ ಕ್ರೋಮಿಯಂ! ಅವನ್ನೂ ಅಪ್‌ಡೇಟ್ ಮಾಡಬೇಕು.

ಪ್ರತಿ ಟ್ಯಾಬ್‌ನ ಸಂಕೇತ ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ಓಡುತ್ತದೆ. ಬೇಲಿ ಹಾರಲು ದಾಳಿಕೋರನಿಗೆ ಸಾಮಾನ್ಯವಾಗಿ ಇನ್ನೊಂದು ದೋಷ ಬೇಕು, ಅದು ಹಲವು ಸಲ ಸಿಗುವುದು ಆಪರೇಟಿಂಗ್ ಸಿಸ್ಟಮ್‌ನಲ್ಲೇ. ಹಾಗಾಗಿ ವಿಂಡೋಸ್ ಅಪ್‌ಡೇಟ್ ಮುಂದೂಡಬೇಡಿ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಬದಲು ಸ್ಟ್ಯಾಂಡರ್ಡ್ ಖಾತೆ ಇರಲಿ, ಹಾರಿ ಬಂದವನ ಕೈಗೆ ಸಿಗುವ ಅಧಿಕಾರವೂ ಕಡಿಮೆಯಾಗುತ್ತದೆ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ 109ನೇ ಆವೃತ್ತಿಯೇ ಕೊನೆ. ಅಂಥ ಯಂತ್ರದಲ್ಲಿ ಹಣದ ವ್ಯವಹಾರ ಬೇಡವೇ ಬೇಡ.

ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳ ಕಥೆ ಬೇರೆ, ಅಲ್ಲಿ ದೋಷವೇ ಬೇಕಿಲ್ಲ. ಎಲ್ಲ ಸೈಟ್‌ಗಳ ಮಾಹಿತಿ ಓದಿ ಬದಲಿಸುವ ಅನುಮತಿಯನ್ನು ನಾವೇ ಕೊಟ್ಟಿರುತ್ತೇವೆ. ಬಳಸದವನ್ನು ತೆಗೆಯಿರಿ. ಉಳಿದವುಗಳಿಗೆ ಡೀಟೇಲ್ಸ್ ಪುಟದಲ್ಲಿ ಸೈಟ್ ಆ್ಯಕ್ಸೆಸ್ ಅನ್ನು 'ಆನ್ ಕ್ಲಿಕ್'ಗೆ ಇಳಿಸಿ. ಜಾಹೀರಾತು ತಡೆಯುವಂಥವು ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಅವುಗಳಿಗೆ ವಿನಾಯಿತಿ ಕೊಡಲೇಬೇಕು.